ಸಾಂಬ್ರಾದಲ್ಲೇ ಪಾಸ್‌ಪೋರ್ಟ್ ಬೇಕೇ?

ಪ್ರಶ್ನೆ: ಮಗಳ ಬಾಣಂತನಕ್ಕೆ ದುಬೈಗೆ ಹೊರಟಿದ್ದೇನೆ. ಬೆಳಗಾವಿಯಿಂದ ಬೆಂಗಳೂರಿನವರೆಗೆ ಆಧಾರ್ ಸಾಕೇ?
– ಗೃಹಿಣಿ, ಚಿಕ್ಕೋಡಿ

ಉತ್ತರ: ತಾಯಿ, ಅದು ನಿಮ್ಮ ಟಿಕೆಟ್ ಮೇಲೆ ನಿಂತಿದೆ. ಎರಡು ವಿಮಾನಗಳಿಗೂ ಬೇರೆ ಬೇರೆ ಟಿಕೆಟ್ ಇದ್ದರೆ, ಬೆಳಗಾವಿಯ ಸಾಂಬ್ರಾ ವಿಮಾನ ನಿಲ್ದಾಣದಲ್ಲಿ ಆಧಾರ್ ಸಾಕು. ಬೆಂಗಳೂರಿನಲ್ಲಿ ಸಾಮಾನು ಇಳಿಸಿಕೊಂಡು ಮತ್ತೆ ಚೆಕ್-ಇನ್ ಮಾಡಬೇಕು. 2023ರ ಸೆಪ್ಟೆಂಬರ್‌ನಿಂದ ಅಲ್ಲಿ ವಿದೇಶಿ ವಿಮಾನಗಳೆಲ್ಲ ಎರಡನೇ ಟರ್ಮಿನಲ್‌ನಿಂದ ಹೊರಡುತ್ತವೆ. ಮೊದಲನೆಯದರಲ್ಲಿ ಇಳಿದರೆ ಅಲ್ಲಿಗೆ ಹೋಗಲು ಸಮಯ ಇಟ್ಟುಕೊಳ್ಳಿ.

ಒಂದೇ ಟಿಕೆಟ್ ಆಗಿದ್ದರೆ ಸಾಂಬ್ರಾದ ಕೌಂಟರಿನಲ್ಲೇ ಪಾಸ್‌ಪೋರ್ಟ್, ವೀಸಾ ಕೇಳಬಹುದು. ವಲಸೆ ತಪಾಸಣೆ, ಮುದ್ರೆ ಮಾತ್ರ ಬೆಂಗಳೂರಿನಲ್ಲಿ.

ಹೇಗಿದ್ದರೂ ಪಾಸ್‌ಪೋರ್ಟ್ ನಿಮ್ಮ ಕೈಚೀಲದಲ್ಲೇ ಇರಲಿ. ಸೀರೆ, ಅಂಟಿನುಂಡೆ ಡಬ್ಬಿಯ ಜತೆ ದೊಡ್ಡ ಸೂಟ್‌ಕೇಸಿಗೆ ಹಾಕಿದಿರೋ, ಅದು ನೇರ ದುಬೈಗೆ ಹೋದೀತು, ನೀವು ಬೆಂಗಳೂರಿನಲ್ಲೇ ಉಳಿದೀರಿ!

ಇಂದೇ ಎರಡು ಸಂಗತಿ ನೋಡಿ: ಟಿಕೆಟ್‌ನಲ್ಲಿ ಹೆಸರು, ಅಡ್ಡಹೆಸರು ಪಾಸ್‌ಪೋರ್ಟ್‌ನಲ್ಲಿ ಇದ್ದಂತೆಯೇ ಇರಬೇಕು; ಪಾಸ್‌ಪೋರ್ಟ್‌ಗೆ ಕನಿಷ್ಠ 6 ತಿಂಗಳ ಅವಧಿ ಉಳಿದಿರಬೇಕು. ಧೈರ್ಯವಾಗಿ ಹೋಗಿ ಬನ್ನಿ, ಮೊಮ್ಮಗುವಿಗೆ ನಮ್ಮ ಆಶೀರ್ವಾದವೂ ಇರಲಿ.