ದೀಪದ ತಂತಿಗೆ ಸಾಕೆಟ್ ಕೂಡಿಸುವ ವಿಚಾರ

ಶಿವನಸಮುದ್ರದ ವಿದ್ಯುಚ್ಛಕ್ತಿಯಿಂದ ಬೆಂಗಳೂರಿನ ಬೀದಿದೀಪಗಳು ಬೆಳಗಿದುದು 1905ನೆಯ ಇಸವಿಯಲ್ಲಿ. ತರುವಾಯ ಮನೆಗಳಿಗೆ ಎಳೆದ ತಂತಿಗಳು ಬಹುಮಟ್ಟಿಗೆ ದೀಪಕ್ಕಾಗಿಯೇ ಇದ್ದುವು. ಈಗಲಾದರೋ ಮೇಜಿನ ದೀಪಕ್ಕೂ ಮೊಬೈಲಿಗೂ ಸಾಕೆಟ್ ಬೇಕು. ಹಳೆಯ ಮನೆಯ ದೀಪದ ತಂತಿಯಿಂದಲೇ ಒಂದು ಕವಲನ್ನು ತೆಗೆಯಬಹುದೇ ಎಂಬ ಪ್ರಶ್ನೆಯು ಸಹಜವಾದುದು.

ಮೊದಲು ಭಾರವನ್ನು ಲೆಕ್ಕ ಹಾಕೋಣ. ನಮ್ಮ ಮನೆಗಳ ವಿದ್ಯುತ್ತಿನ ಒತ್ತಡವು 230 ವೋಲ್ಟು. ವಾಟುಗಳನ್ನು 230ರಿಂದ ಭಾಗಿಸಿದರೆ ಆಂಪಿಯರುಗಳು ದೊರೆಯುತ್ತವೆ. 9 ವಾಟಿನ ನಾಲ್ಕು ದೀಪಗಳೂ 75 ವಾಟಿನ ಎರಡು ಫ್ಯಾನುಗಳೂ ಸೇರಿ ಒಂದು ಆಂಪಿಯರನ್ನೂ ಮುಟ್ಟವು. 1000 ವಾಟಿನ ಇಸ್ತ್ರಿಪೆಟ್ಟಿಗೆಯೊಂದೇ 4.3 ಆಂಪಿಯರನ್ನೂ, 1500 ವಾಟಿನ ನೀರು ಕಾಯಿಸುವ ಕೋಲು 6.5 ಆಂಪಿಯರನ್ನೂ ಎಳೆಯುತ್ತದೆ. 6 ಆಂಪಿಯರಿನ ಎಂ.ಸಿ.ಬಿ. ಇರುವ ದೀಪದ ತಂತಿಗೆ ಈ ಕೋಲು ಸಲ್ಲದು. ಎಂ.ಸಿ.ಬಿ. ಬೀಳುತ್ತದೆಂದು ಹೆಚ್ಚಿನ ಆಂಪಿಯರಿನದನ್ನು ಹಾಕುವವರುಂಟು. ಆಗ ಬೀಳುವುದು ನಿಂತು, ಗೋಡೆಯೊಳಗಿನ ತಂತಿಯೇ ಕಾಯತೊಡಗುತ್ತದೆ.

ಇದಕ್ಕಿಂತಲೂ ಗಹನವಾದ ಸಂಗತಿಯು ಸ್ವಿಚ್ಚಿನ ಪೆಟ್ಟಿಗೆಯೊಳಗಿದೆ. ಅಲ್ಲಿ ಎರಡು ತಂತಿಗಳು ಕಾಣುತ್ತವೆ. ಸಾಕೆಟ್ಟಿಗೂ ಎರಡು ತಂತಿ ಸಾಕಲ್ಲವೇ ಎಂದು ತೋರುವುದು. ಆದರೆ ಅನೇಕ ಪೆಟ್ಟಿಗೆಗಳಲ್ಲಿರುವುದು ಬರುವ ಫೇಸ್ ತಂತಿ ಮತ್ತು ದೀಪಕ್ಕೆ ಹೋಗುವ ಅದೇ ಫೇಸ್ ತಂತಿ; ನ್ಯೂಟ್ರಲ್ ತಂತಿಯು ಅಲ್ಲಿಗೆ ಇಳಿದಿರುವುದೇ ಇಲ್ಲ. ಹೀಗಿರುವಾಗ ಹಸಿರು ಬಣ್ಣದ ಅರ್ಥ್ ತಂತಿಯನ್ನೇ ನ್ಯೂಟ್ರಲ್ ಎಂದು ಬಳಸುವವರಿದ್ದಾರೆ. ಸಾಕೆಟ್ ಕೆಲಸ ಮಾಡುತ್ತದೆ, ಮನೆಯವರು ಸಂತೋಷಪಡುತ್ತಾರೆ. ಮುಂದೆ ಅರ್ಥ್ ತಂತಿಯು ಎಲ್ಲಾದರೂ ಕಡಿದರೆ ಅದಕ್ಕೆ ಕೂಡಿದ ಇಸ್ತ್ರಿಪೆಟ್ಟಿಗೆ, ಫ್ರಿಜ್ಜು, ಬಟ್ಟೆ ಒಗೆಯುವ ಯಂತ್ರ ಇವುಗಳ ಲೋಹದ ಮೈಯೆಲ್ಲವೂ ವಿದ್ಯುನ್ಮಯವಾಗಿ, ಒದ್ದೆಗೈಯಿಂದ ಮುಟ್ಟಿದವಳ ಪ್ರಾಣಕ್ಕೇ ಅಪಾಯವಾದೀತು. ನ್ಯೂಟ್ರಲನ್ನು ಅದೇ ಸರ್ಕ್ಯೂಟಿನಿಂದ ಪ್ರತ್ಯೇಕವಾಗಿ ತರಿಸತಕ್ಕದ್ದು.

ಅರ್ಥ್ ತಂತಿಯೇ ಇಲ್ಲದ ಹಳೆಯ ಮನೆಯಲ್ಲಿ ಮೂರು ಕಂಡಿಯ ಸಾಕೆಟ್ಟನ್ನು ಕೂರಿಸುವುದು ಕೇವಲ ವೇಷ. ಪ್ಲಗ್ಗಿನ ದಪ್ಪ ಕಡ್ಡಿಯು ಉದ್ದವಾಗಿರುವುದು ಅರ್ಥ್ ಸಂಪರ್ಕವು ಮೊದಲು ಕೂಡಿ ಕಡೆಗೆ ಬಿಡಲೆಂದು. ಹಿಂದೆ ತಂತಿಯಿಲ್ಲದಿದ್ದರೆ ಆ ಉದ್ದದಿಂದ ಪ್ರಯೋಜನವೇನು?

ಕೇಂದ್ರ ವಿದ್ಯುತ್ ಪ್ರಾಧಿಕಾರದ 2023ರ ಸುರಕ್ಷತಾ ನಿಯಮಗಳ ಪ್ರಕಾರ ಇಂತಹ ಹೊಸ ಜೋಡಣೆಯನ್ನು ಪರವಾನಗಿ ಪಡೆದ ಗುತ್ತಿಗೆದಾರರ ಮೂಲಕವೇ ಮಾಡಿಸಬೇಕು. ದೀಪ, ಫ್ಯೂಸು ಮುಂತಾದುವನ್ನು ಇದ್ದಂತೆಯೇ ಬದಲಿಸುವುದಕ್ಕೆ ಮಾತ್ರ ವಿನಾಯಿತಿಯುಂಟು. ಆದರೂ ಕೆಲಸವು ಹೇಗೆ ನಡೆಯತಕ್ಕದ್ದೆಂಬುದನ್ನು ಮನೆಯವರು ಅರಿತಿರಬೇಕು. ದೀಪದ ಸ್ವಿಚ್ ಆರಿಸಿದರೆ ಸಾಲದು, ಮೇನ್ ಸ್ವಿಚ್ಚನ್ನೇ ತೆಗೆಯಬೇಕು. ಇನ್ವರ್ಟರ್ ಇರುವ ಮನೆಯಲ್ಲಿ ಅದರ ಸಂಪರ್ಕವನ್ನೂ ಬಿಡಿಸಬೇಕು. ಏಕೆಂದರೆ ಮೇನ್ ಆರಿದೊಡನೆಯೇ ಇನ್ವರ್ಟರು ದೀಪದ ತಂತಿಗೆ ಶಕ್ತಿಯನ್ನು ಊಡುತ್ತದೆ. ಅನಂತರ ಪರೀಕ್ಷಾ ಉಪಕರಣವನ್ನು ವಿದ್ಯುತ್ತಿರುವುದೆಂದು ಗೊತ್ತಿರುವ ಕಡೆ ಹಿಡಿದು ನೋಡಿ, ಕೆಲಸದ ಜಾಗದಲ್ಲಿ ನೋಡಿ, ಮತ್ತೆ ಗೊತ್ತಿರುವ ಕಡೆಯೇ ನೋಡಬೇಕು. ನಡುವೆ ಉಪಕರಣವೇ ಕೆಟ್ಟಿದ್ದರೆ ಹೀಗಲ್ಲದೆ ತಿಳಿಯದು.

ಎದುರಿನಿಂದ ನೋಡಿದಾಗ ಸಾಕೆಟ್ಟಿನ ಮೇಲಿನ ದೊಡ್ಡ ಕಂಡಿ ಅರ್ಥ್, ಬಲಗಡೆಯದು ಫೇಸ್, ಎಡಗಡೆಯದು ನ್ಯೂಟ್ರಲ್. ಮನೆಯಲ್ಲಿ 30 ಮಿಲಿ ಆಂಪಿಯರಿನ ಆರ್.ಸಿ.ಸಿ.ಬಿ. ಇದ್ದರೆ, ಕೆಲಸ ಮುಗಿದ ಮೇಲೆ ಅದರ ಪರೀಕ್ಷಾ ಗುಂಡಿಯನ್ನು ಒತ್ತಿರಿ. ಅದು ಕೂಡಲೆ ಬೀಳದಿದ್ದರೆ ಕೆಲಸಗಾರನನ್ನು ಆಗಲೇ ಕಳುಹಿಸಿಬಿಡಬೇಡಿರಿ.