ಕಂಡುಕೊಂಡುದನ್ನು ಹೇಳುವ ಬಗೆ

ಪಾಠವನ್ನು ಒಪ್ಪಿಸುವುದು ಒಂದು. ತಾವೇ ಅಳೆದು, ಎಣಿಸಿ ಕಂಡುಕೊಂಡುದನ್ನು ಗೆಳತಿಯರ ಮುಂದೆ ಹೇಳುವುದು ಮತ್ತೊಂದು. ಮೊದಲನೆಯದಕ್ಕೆ ಜ್ಞಾಪಕಶಕ್ತಿಯೊಂದೇ ಸಾಕು. ಎರಡನೆಯದಕ್ಕಾದರೋ, “ಇದು ನಿನಗೆ ಹೇಗೆ ಗೊತ್ತು?” ಎಂಬ ಪ್ರಶ್ನೆಗೆ ಅಂಜದೆ ಉತ್ತರ ಕೊಡುವ ಸಾಮರ್ಥ್ಯವೂ ಬೇಕು. 1993ರಲ್ಲಿ ಆರಂಭವಾದ ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶವು ಈ ಎರಡನೆಯ ಬಗೆಯ ಶಿಕ್ಷಣಕ್ಕೆ ಸೇರಿದುದು. ಮಕ್ಕಳು ತಮ್ಮ ಊರಿನದೇ ಒಂದು ವಿಷಯವನ್ನು ಪರಿಶೋಧಿಸಿ, ತಮ್ಮ ಭಾಷೆಯಲ್ಲಿಯೇ ವಿವರಿಸುವುದು ಅದರ ಪದ್ಧತಿ. ಆದರೆ ಇಂತಹ ಮಾತಿಗೆ ದೊಡ್ಡ ಸಭೆಯೇ ಕೂಡಬೇಕೆಂದಿಲ್ಲ. ಒಂದು ಕೊಠಡಿ, ಒಂದು ಕರಿಹಲಗೆ, ಕೇಳುವವರು ಹತ್ತು ಮಂದಿ ಇದ್ದರೆ ಸಾಕು.

ವಿಷಯಗಳಿಗೆ ನಮ್ಮ ಸೀಮೆಯಲ್ಲಿ ಕೊರತೆಯಿಲ್ಲ. ಸಿರುಗುಪ್ಪದ ವಿದ್ಯಾರ್ಥಿನಿಯು ತುಂಗಭದ್ರೆಯ ದಡದ ಮರಳನ್ನೂ ಹೊಲದ ಎರೆಮಣ್ಣನ್ನೂ ಸಮನಾಗಿ ತೆಗೆದುಕೊಂಡು, ಎರಡಕ್ಕೂ ಒಂದೇ ಅಳತೆಯ ನೀರು ಹೊಯ್ದು, ಯಾವುದರಿಂದ ಎಷ್ಟು ಹೊತ್ತಿನಲ್ಲಿ ಎಷ್ಟು ಇಳಿಯಿತೆಂದು ಬರೆದಿಡಬಹುದು. ಕುರುಗೋಡಿನವಳು ಅಲ್ಲಿಯ ಬೆಟ್ಟದ ಬಂಡೆಯೊಂದನ್ನು ತಕ್ಕಡಿಯಿಲ್ಲದೆ ತೂಗಬಹುದು. ಗ್ರಾನೈಟು ಕಲ್ಲು ಘನಮೀಟರಿಗೆ ಸುಮಾರು 2,700 ಕಿಲೋಗ್ರಾಂ ತೂಗುವುದರಿಂದ, ಬಂಡೆಯ ಗಾತ್ರ ತಿಳಿದರೆ ತೂಕವೂ ತಿಳಿದಂತೆ.

ಬಳ್ಳಾರಿಯವಳೊಬ್ಬಳು ನೆರಳಿನಿಂದ ಎತ್ತರವನ್ನು ಅಳೆದುದನ್ನು ಹೇಳುತ್ತಿರುವಳೆಂದು ಭಾವಿಸೋಣ. ನೆಟ್ಟಗೆ ನಿಲ್ಲಿಸಿದ 1 ಮೀಟರು ಕೋಲಿನ ನೆರಳು 80 ಸೆಂಟಿಮೀಟರು; ಅದೇ ಗಳಿಗೆಯಲ್ಲಿ ತೆಂಗಿನ ಮರದ ನೆರಳು 12 ಮೀಟರು; ಆದುದರಿಂದ ಮರದ ಎತ್ತರ 15 ಮೀಟರು. ಲೆಕ್ಕವೇನೋ ಸರಿ. ಆಗ ಕಿರಿಯವಳೊಬ್ಬಳು, “ಅಕ್ಕಾ, ಕೋಟೆಯ ಗುಡ್ಡವನ್ನೂ ಹೀಗೆಯೇ ಅಳೆಯಬಹುದೇ?” ಎಂದು ಕೇಳಿದರೆ? ನೆರಳನ್ನು ಅಳೆಯಬೇಕಾದುದು ತುದಿಯ ನೇರ ಕೆಳಗಿನ ಬಿಂದುವಿನಿಂದ. ಮರಕ್ಕೆ ಅದು ಬುಡ; ಗುಡ್ಡಕ್ಕೆ ಅದು ಕಲ್ಲಿನ ಒಡಲಿನಲ್ಲಿ ಅಡಗಿದೆ. ಆದುದರಿಂದ ಸಮನೆಲದಲ್ಲಿ, ಗುಡ್ಡಕ್ಕೆ ಅಭಿಮುಖವಾದ ಒಂದೇ ಸರಳರೇಖೆಯ ಎರಡು ಸ್ಥಳಗಳಿಂದ ತುದಿಯ ಉನ್ನತ ಕೋನಗಳನ್ನೂ, ಆ ಸ್ಥಳಗಳ ನಡುವಣ ದೂರವನ್ನೂ ಅಳೆದು ಲೆಕ್ಕ ಮಾಡಬೇಕಾಗುವುದು. ಕೇಳಿದವಳ ಒಂದು ಪ್ರಶ್ನೆಯು ಹೇಳಿದವಳನ್ನು ತ್ರಿಕೋಣಮಿತಿಗೆ ಕೊಂಡೊಯ್ದಿತು. ಕೇಳುವವರಿಲ್ಲದ ಪರಿಶೋಧನೆಯು ಅರ್ಧ ಪರಿಶೋಧನೆಯೆಂದು ನಾವು ಹೇಳುವುದು ಇದಕ್ಕಾಗಿಯೇ.

ಮಾತನಾಡುವವಳು ಒಂದೇ ವಿಷಯವನ್ನು ಆರಿಸಿಕೊಳ್ಳತಕ್ಕದ್ದು. ಅಳತೆಯನ್ನು ಮೂರು ಬಾರಿಯಾದರೂ ಮಾಡಿ, ಬಂದ ಅಂಕಿಗಳೆಲ್ಲವನ್ನೂ, ಒಂದಕ್ಕೊಂದು ಹೊಂದದಿದ್ದರೂ, ಹಲಗೆಯ ಮೇಲೆ ಬರೆಯತಕ್ಕದ್ದು. ಉತ್ತರ ತಿಳಿಯದಿದ್ದರೆ, “ಗೊತ್ತಿಲ್ಲ, ನೋಡಿ ಹೇಳುವೆನು” ಎನ್ನುವುದರಲ್ಲಿ ಅವಮಾನವಿಲ್ಲ.

ಹೆಣ್ಣುಮಕ್ಕಳಿಗೆ ಈ ಅಭ್ಯಾಸವು ವಿಶೇಷವಾಗಿ ಅವಶ್ಯಕ. 1933ರಲ್ಲಿ ಕಮಲಾ ಸೊಹೋನಿಯವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯನ್ನು ಸೇರಬಯಸಿದಾಗ, ಹೆಂಗಸೆಂಬ ಕಾರಣದಿಂದ ಮೊದಲು ಪ್ರವೇಶ ದೊರೆಯಲಿಲ್ಲ. ಆ ನಿರಾಕರಣೆಯನ್ನು ಅವರು ಎದುರು ನಿಂತು ಪ್ರಶ್ನಿಸಿದರು. ಪ್ರವೇಶ ಪಡೆದು, ಹಾಲು ಮತ್ತು ಬೇಳೆಕಾಳುಗಳ ಪ್ರೋಟೀನುಗಳನ್ನು ಪರಿಶೋಧಿಸಿದರು. 1939ರಲ್ಲಿ ಕೇಂಬ್ರಿಡ್ಜಿನ ಡಾಕ್ಟರೇಟ್ ಪದವಿಗೂ ಪಾತ್ರರಾದರು. ತನ್ನ ಕೆಲಸವನ್ನು ತಾನೇ ಆಧಾರಸಹಿತವಾಗಿ ಹೇಳಬಲ್ಲವಳ ಮಾತನ್ನು ತಳ್ಳಿಹಾಕುವುದು ಸುಲಭವಲ್ಲ. ಆ ಬಲವನ್ನು ನಮ್ಮ ಬಾಲಿಕೆಯರು ಶಾಲೆಯ ಕೊಠಡಿಯಲ್ಲಿಯೇ ಗಳಿಸಿಕೊಳ್ಳಲಿ.