ಗಿಡದ ಹೆಸರು, ಮದ್ದಿನ ಅಳತೆ: ಅಂಕೋಲೆಯಲ್ಲಿ ಒಂದು ದಿನದ ಅಧ್ಯಯನ

ದ್ವಿತೀಯ ಪಿಯುಸಿ ವಿಜ್ಞಾನ ವಿಭಾಗದ ನಾವು 28 ವಿದ್ಯಾರ್ಥಿಗಳು ಜೀವಶಾಸ್ತ್ರದ ಮೇಡಂ ಮತ್ತು ರಸಾಯನಶಾಸ್ತ್ರದ ಸರ್ ಜೊತೆ ಅಂಕೋಲಾ ತಾಲೂಕಿಗೆ ಒಂದು ದಿನದ ಅಧ್ಯಯನ ಪ್ರವಾಸ ಹೋಗಿಬಂದೆವು. ವಿಷಯ: ನಾಟಿ ಮದ್ದು. ಪಠ್ಯದಲ್ಲಿ ಜೀವವೈವಿಧ್ಯದ ಪಾಠ ಓದುವಾಗ ಸರ್ಪಗಂಧ ಮತ್ತು ರಿಸರ್ಪೀನ್ ಎಂಬ ಹೆಸರುಗಳನ್ನು ಬಾಯಿಪಾಠ ಮಾಡಿದ್ದೆವು. ಗಿಡವನ್ನು ನೋಡಿದವರು ಮಾತ್ರ ನಮ್ಮ ತರಗತಿಯಲ್ಲಿ ಯಾರೂ ಇರಲಿಲ್ಲ.

ನನಗೆ ಇನ್ನೊಂದು ಕಾರಣವೂ ಇತ್ತು. ನಮ್ಮ ದಾದಾ ಅವರಿಗೆ ಪಾರ್ಶ್ವವಾಯು ಹೊಡೆದ ರಾತ್ರಿ, ಮೊದಲು ಆಸ್ಪತ್ರೆಗೆ ಒಯ್ಯಬೇಕೋ ನಾಟಿ ವೈದ್ಯರ ಬಳಿಗೋ ಎಂದು ಮನೆಯ ಹಿರಿಯರು ಮಾತಾಡುತ್ತಿದ್ದಂತೆಯೇ ಬೆಳಗಾಯಿತು. ಇವತ್ತಿಗೂ ಅವರ ಬಲಗೈ ಏಳುವುದಿಲ್ಲ. ಅಂಕೋಲೆ ಕಡೆ ಲಕ್ವಕ್ಕೆ ಮದ್ದು ಕೊಡುವವರಿದ್ದಾರೆ ಎಂಬುದು ನಮ್ಮ ಜಿಲ್ಲೆಯಲ್ಲಿ ಎಲ್ಲರಿಗೂ ಗೊತ್ತು. ದೂರದ ಊರುಗಳಿಂದಲೂ ಜನ ಬರುತ್ತಾರೆ. ಹಾಗಾದರೆ ಸರಿಯಾದ ಉತ್ತರ ಯಾವುದು? ಈ ಪ್ರಶ್ನೆಯನ್ನು ನೋಟ್‌ಬುಕ್ಕಿನ ಮೊದಲ ಪುಟದಲ್ಲೇ ಬರೆದುಕೊಂಡು ಹೋಗಿದ್ದೆ.

ಹೊನ್ನಳ್ಳಿಯ ಪಾಠ

ಕದ್ವಾಡದಿಂದ ಸುಂಕೇರಿ ದಾಟಿ ಕಾರವಾರ, ಅಲ್ಲಿಂದ ಹೆದ್ದಾರಿ 66ರಲ್ಲಿ ಅಂಕೋಲೆ. ದಾರಿಯಲ್ಲಿ ಮೇಡಂ ಹೊನ್ನಳ್ಳಿಯ ತುಳಸಿ ಗೌಡ ಅವರ ಬಗ್ಗೆ ಹೇಳಿದರು. ಹಾಲಕ್ಕಿ ಸಮುದಾಯದ ಈ ಅಜ್ಜಿ ಶಾಲೆಗೆ ಹೋದವರಲ್ಲ. ಅರಣ್ಯ ಇಲಾಖೆಯ ಸಸಿಮಡಿಯಲ್ಲಿ ದಿನಗೂಲಿಗೆ ಸೇರಿ, ದಶಕಗಳ ಕಾಲ ಬೀಜ ಆರಿಸಿ ಸಸಿ ಬೆಳೆಸಿದರು. 2020ರ ಸಾಲಿನ ಪದ್ಮಶ್ರೀಯನ್ನು 2021ರ ನವೆಂಬರಿನಲ್ಲಿ ಬರಿಗಾಲಲ್ಲೇ ಹೋಗಿ ಸ್ವೀಕರಿಸಿದರು. 2024ರ ಡಿಸೆಂಬರ್ 16ರಂದು ತೀರಿಕೊಂಡರು.

ಅವರ ದೊಡ್ಡ ಜ್ಞಾನವೆಂದರೆ ತಾಯಿಮರವನ್ನು ಗುರುತಿಸುವುದು. ಒಂದೇ ಜಾತಿಯ ಹತ್ತು ಮರಗಳಿದ್ದರೂ ಯಾವುದರ ಬೀಜ ಗಟ್ಟಿ, ಅದನ್ನು ಯಾವ ಹೊತ್ತಿಗೆ ಆರಿಸಬೇಕು ಎಂಬುದು ಅವರಿಗೆ ತಿಳಿದಿತ್ತು. ಒಂದೇ ಪ್ರಭೇದದೊಳಗಿನ ತಳಿವೈವಿಧ್ಯ ಎಂದು ನಾವು ಪಾಠದಲ್ಲಿ ಓದುವುದು ಇದನ್ನೇ. ಹಿಮಾಲಯದ ಬೇರೆ ಬೇರೆ ಕಡೆ ಬೆಳೆದ ಸರ್ಪಗಂಧದ ಜಾತಿಯಲ್ಲಿ ಮದ್ದಿನ ಅಂಶ ಹೆಚ್ಚುಕಡಿಮೆ ಇರಬಹುದು ಎಂದು ಪುಸ್ತಕ ಹೇಳುತ್ತದೆ. ಅದರ ಅರ್ಥ, ಗಿಡದ ಹೆಸರು ಗೊತ್ತಿದ್ದರೆ ಸಾಲದು, ಅದು ಎಲ್ಲಿ ಬೆಳೆದದ್ದು, ಯಾವಾಗ ಕಿತ್ತದ್ದು ಎಂಬುದೂ ಮುಖ್ಯ.

ಗೌಡರ ಹಿತ್ತಲಲ್ಲಿ

ನಾವು ಹೋದದ್ದು ಒಂದು ಸಣ್ಣ ಹಾಲಕ್ಕಿ ಕೊಪ್ಪಕ್ಕೆ. ಅಲ್ಲಿಯ ನಾಟಿ ವೈದ್ಯರು ತಮ್ಮ ಹೆಸರು, ಊರು ಬರೆಯಬೇಡಿ ಎಂದದ್ದರಿಂದ ಇಲ್ಲಿ ಗೌಡರು ಎಂದಷ್ಟೇ ಬರೆಯುತ್ತೇನೆ. ಅವರು ತೋರಿಸಿದ ಗಿಡಗಳಲ್ಲಿ ಹೆಚ್ಚಿನವು ನಮ್ಮ ಹಿತ್ತಲಲ್ಲೂ ಬೇಲಿಯಲ್ಲೂ ಇರುವಂಥವೇ.

ಮೊದಲು ಆಡುಸೋಗೆ. ಆಡು ಮುಟ್ಟದ ಸೊಪ್ಪಿಲ್ಲ ಎನ್ನುವ ಗಾದೆ ಈ ಗಿಡದ ಮುಂದೆ ಸೋಲುತ್ತದೆ, ಕಹಿಗೆ ಆಡು ಇದರ ಹತ್ತಿರ ಹೋಗುವುದಿಲ್ಲ. ಕೆಮ್ಮು ಕಫಕ್ಕೆ ಇದರ ಎಲೆಯನ್ನು ಬಳಸುತ್ತಾರೆ. ಇದರಲ್ಲಿರುವ ವ್ಯಾಸಿಸೀನ್ ಎಂಬ ಅಂಶವನ್ನು ಆಧಾರವಾಗಿಟ್ಟುಕೊಂಡೇ ಬ್ರೋಮ್‌ಹೆಕ್ಸಿನ್ ಎಂಬ ಔಷಧ ತಯಾರಾಯಿತು ಎಂದು ಸರ್ ಹೇಳಿದರು. ಔಷಧಿ ಅಂಗಡಿಯ ಹಲವು ಕೆಮ್ಮಿನ ಸಿರಪ್‌ಗಳ ಬಾಟಲಿಯ ಮೇಲೆ ಈ ಹೆಸರನ್ನು ಓದಬಹುದು.

ಆಮೇಲೆ ಲಕ್ಕಿ ಸೊಪ್ಪು. ಇದನ್ನು ಉಪ್ಪಿನ ಜೊತೆ ಹುರಿದು, ಬಟ್ಟೆಯಲ್ಲಿ ಗಂಟು ಕಟ್ಟಿ, ನೋವಿರುವ ಮಂಡಿಗೆ ಶಾಖ ಕೊಡುತ್ತಾರೆ. ಇಂಥದ್ದೇ ಗಂಟು ಥಾಯ್ಲೆಂಡಿನಲ್ಲೂ ಇದೆ. ಅಲ್ಲಿ ಅರಿಶಿನ, ನಿಂಬೆಹುಲ್ಲು, ಕರ್ಪೂರ, ಶುಂಠಿ ಜಾತಿಯ ಗೆಡ್ಡೆ ಎಲ್ಲ ಸೇರಿಸಿ ಬಟ್ಟೆಯಲ್ಲಿ ಕಟ್ಟಿ, ಹಬೆಯಲ್ಲಿ ಬಿಸಿ ಮಾಡಿ ಮೈಗೆ ಒತ್ತುತ್ತಾರೆ. ನಡುವೆ ಸಮುದ್ರವಿದ್ದರೂ ಶುಂಠಿ, ಅರಿಶಿನ ಎರಡೂ ದಂಡೆಯಲ್ಲಿ ಬೆಳೆಯುತ್ತವೆ.

ಮುರುಗಲು ನಮಗೆ ಹೊಸದಲ್ಲ. ಮನೆಯಲ್ಲಿ ಭಿರಂಡ ಎನ್ನುತ್ತೇವೆ, ಸೋಲಕಡಿ ಮಾಡುತ್ತೇವೆ. ಬೀಜದಿಂದ ತೆಗೆದ ಮುರುಗಲ ತುಪ್ಪವನ್ನು ಒಡೆದ ಹಿಮ್ಮಡಿಗೆ ಹಚ್ಚುತ್ತಾರೆ.

ಕೊನೆಗೆ ಗೌಡರು ಕಾಸರಕದ ಮರ ತೋರಿಸಿ, ಕೆಳಗೆ ಬಿದ್ದ ಬೀಜ ಹೆಕ್ಕಲು ಹೋದವರನ್ನು ತಡೆದರು. "ಇದೂ ಮದ್ದೇ ತಮಾ, ಆದ್ರೆ ತಿಳಿದೆ ಮುಟ್ಟಿದ್ರೆ ಜೀವ ತೆಗೀತದೆ" ಎಂದರು. ಕಾಸರಕದ ಬೀಜದಲ್ಲಿ ಸ್ಟ್ರಿಕ್ನಿನ್ ಎಂಬ ಘೋರ ವಿಷವಿದೆ. ಗಿಡಮೂಲಿಕೆಯಿಂದ ಅಡ್ಡಪರಿಣಾಮವಿಲ್ಲ ಎಂಬ ಜಾಹೀರಾತಿನ ಮಾತಿಗೆ ಈ ಒಂದು ಮರವೇ ಉತ್ತರ.

ತೊಗಟೆ ತೆಗೆಯುವ ರೀತಿ

ಅಶೋಕದ ತೊಗಟೆ ಹೆಂಗಸರ ಕೆಲವು ತೊಂದರೆಗಳಿಗೆ ಹೆಸರಾದದ್ದು. ಶಾಲೆ, ಕಚೇರಿಗಳ ಮುಂದೆ ಕಂಬದಂತೆ ನೇರ ಬೆಳೆಯುವುದು ಇದಲ್ಲ. ನಿಜವಾದ ಅಶೋಕಕ್ಕೆ ಕಿತ್ತಳೆ-ಕೆಂಪು ಹೂಗೊಂಚಲು ಇರುತ್ತದೆ. ತೊಗಟೆಗಾಗಿ ಕಡಿದು ಕಡಿದು ಕಾಡಿನಲ್ಲಿ ಇದು ವಿರಳವಾಗಿದ್ದು, ಅಪಾಯದ ಅಂಚಿಗೆ ಬಂದ ಮರಗಳ ಅಂತಾರಾಷ್ಟ್ರೀಯ ಪಟ್ಟಿಯಲ್ಲಿದೆ.

ಗೌಡರು ತೊಗಟೆಯನ್ನು ಸುತ್ತಲೂ ಸುಲಿಯುವುದಿಲ್ಲ. ಒಂದೇ ಮಗ್ಗುಲಿನಿಂದ ಅಂಗೈ ಅಗಲದಷ್ಟು ತೆಗೆದು, ಅದು ಮಾಯುವ ತನಕ ಆ ಮರವನ್ನು ಮತ್ತೆ ಮುಟ್ಟುವುದಿಲ್ಲ. ಹಿರಿಯರು ಕಲಿಸಿದ್ದು ಹಾಗೆ ಎಂದರು. ಕಾರಣವನ್ನು ಮೇಡಂ ನಮ್ಮಿಂದಲೇ ಹೇಳಿಸಿದರು. ಎಲೆಯಲ್ಲಿ ತಯಾರಾದ ಸಕ್ಕರೆ ಬೇರಿಗೆ ಇಳಿಯುವುದು ತೊಗಟೆಯ ಒಳಪದರದಲ್ಲಿರುವ ಫ್ಲೋಯಮ್ ಮೂಲಕ. ಸುತ್ತಲೂ ಸುಲಿದರೆ ಆ ದಾರಿ ಕಡಿದುಹೋಗಿ, ಬೇರು ಹಸಿದು, ಮರ ಸಾಯುತ್ತದೆ. ಪರೀಕ್ಷೆಯಲ್ಲಿ ಬರೆಯುವ ಉತ್ತರವನ್ನು ಗೌಡರ ಮನೆತನ ಫ್ಲೋಯಮ್ ಎಂಬ ಹೆಸರಿಲ್ಲದೆಯೇ ಪಾಲಿಸಿಕೊಂಡು ಬಂದಿದೆ.

ಎಲ್ಲ ಮದ್ದೂ ಪರೀಕ್ಷೆಯಲ್ಲಿ ಗೆಲ್ಲುವುದಿಲ್ಲ

ಊಟದ ನಂತರ ಸರ್ ಎರಡು ಗಿಡಗಳ ಕಥೆ ಹೇಳಿದರು. ಒಂದು ಸರ್ಪಗಂಧ. 1931ರಲ್ಲಿ ದೆಹಲಿಯ ತಿಬ್ಬಿಯಾ ಕಾಲೇಜಿನಲ್ಲಿ ಸಲೀಮುಜ್ಜಮಾನ್ ಸಿದ್ದೀಕಿ ಅವರು ಇದರ ಬೇರಿನಿಂದ ಒಂದು ವಸ್ತುವನ್ನು ಬೇರ್ಪಡಿಸಿ, ಹಕೀಮ್ ಅಜ್ಮಲ್ ಖಾನ್ ಅವರ ನೆನಪಿಗೆ ಅಜ್ಮಲೀನ್ ಎಂದು ಹೆಸರಿಟ್ಟರು. 1949ರಲ್ಲಿ ಮುಂಬಯಿಯ ವೈದ್ಯ ರುಸ್ತುಂ ಜಾಲ್ ವಕೀಲ್ ರಕ್ತದೊತ್ತಡದ ರೋಗಿಗಳ ಮೇಲೆ ಈ ಬೇರಿನ ಪರಿಣಾಮವನ್ನು ಬ್ರಿಟನ್ನಿನ ಹೃದಯರೋಗ ಪತ್ರಿಕೆಯಲ್ಲಿ ಪ್ರಕಟಿಸಿದರು. 1952ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ರಿಸರ್ಪೀನ್ ಸಿಕ್ಕಿತು. ಹಳೆಯ ಮದ್ದು ಪರೀಕ್ಷೆಯಲ್ಲಿ ಗೆದ್ದಿತು.

ಇನ್ನೊಂದು ಕಾಮಾಲೆಗೆ ಕೊಡುವ ನೆಲನೆಲ್ಲಿ. 1988ರಲ್ಲಿ ಮದ್ರಾಸಿನ ಸಂಶೋಧಕರು ಇದು ಹೆಪಟೈಟಿಸ್ ಬಿ ವೈರಸ್ಸನ್ನು ಹೊಂದಿದವರಲ್ಲಿ ಕೆಲಸ ಮಾಡುತ್ತದೆ ಎಂದು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದಾಗ ಲೋಕವೇ ತಿರುಗಿ ನೋಡಿತು. ಆದರೆ ಮುಂದೆ ಬೇರೆಯವರು ನಡೆಸಿದ ಪರೀಕ್ಷೆಗಳಲ್ಲಿ ಆ ಫಲ ಸಿಗಲಿಲ್ಲ. ಹಾಗಾದರೆ ಕಾಮಾಲೆ ಗುಣವಾದವರೆಲ್ಲ ಸುಳ್ಳು ಹೇಳುತ್ತಾರೆಯೇ? ಇಲ್ಲ. ನೀರು, ಆಹಾರದಿಂದ ಹರಡುವ ಹೆಪಟೈಟಿಸ್ ಎ ಹೆಚ್ಚಿನವರಲ್ಲಿ ಕೆಲವು ವಾರಗಳಲ್ಲಿ ತಾನಾಗಿಯೇ ವಾಸಿಯಾಗುತ್ತದೆ. ಮದ್ದು ಕುಡಿದವರೂ ಏಳುತ್ತಾರೆ, ಕುಡಿಯದವರೂ ಏಳುತ್ತಾರೆ. ಹೆಪಟೈಟಿಸ್ ಬಿ ಹಾಗಲ್ಲ, ಕೆಲವರಲ್ಲಿ ವರ್ಷಗಟ್ಟಲೆ ಉಳಿದು ಯಕೃತ್ತನ್ನು ಕೆಡಿಸುತ್ತದೆ. ಕಣ್ಣಿನ ಹಳದಿ ಎರಡರಲ್ಲೂ ಒಂದೇ, ರೋಗ ಬೇರೆ. ಆದ್ದರಿಂದ ರಕ್ತಪರೀಕ್ಷೆ ಬೇಕೇ ಬೇಕು.

ನನ್ನ ಪ್ರಶ್ನೆ

ಲಕ್ವದ ಪ್ರಶ್ನೆಯನ್ನು ಗೌಡರಿಗೇ ಕೇಳಿದೆ. ಅವರು ತಡಮಾಡದೆ ಹೇಳಿದರು: "ಬಾಯಿ ಸೊಟ್ಟ ಆಯ್ತು, ಕೈ ಏಳ್ತಿಲ್ಲ ಅಂದ್ರೆ ಮೊದ್ಲು ಆಸ್ಪತ್ರೆಗೆ ಹೋಗ್ಬೇಕು ತಂಗಿ. ನನ್ನ ಹತ್ರ ಆಮೇಲೆ ಬಂದ್ರಾಯ್ತು. ಬೇರು ಎಲ್ಲಿಗೂ ಓಡಿ ಹೋಗೂದಿಲ್ಲ."

ಇದರ ಹಿಂದಿನ ವಿಜ್ಞಾನವನ್ನು ಮೇಡಂ ವಿವರಿಸಿದರು. ಪಾರ್ಶ್ವವಾಯು ಎರಡು ಬಗೆ: ಮೆದುಳಿನ ರಕ್ತನಾಳದಲ್ಲಿ ಹೆಪ್ಪು ಕಟ್ಟುವುದು, ಇಲ್ಲವೇ ನಾಳ ಒಡೆಯುವುದು. ಹೊರಗಿನಿಂದ ನೋಡಿ ಇದನ್ನು ಹೇಳಲಾಗದು, ಸಿ.ಟಿ. ಸ್ಕ್ಯಾನ್ ಮಾಡಲೇಬೇಕು. ಹೆಪ್ಪು ಕಟ್ಟಿದ್ದಾದರೆ ಅದನ್ನು ಕರಗಿಸುವ ಇಂಜೆಕ್ಷನ್ ಇದೆ. ಅದನ್ನು ಲಕ್ಷಣ ಕಂಡ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ನಾಳ ಒಡೆದಿದ್ದರೆ ಅದೇ ಇಂಜೆಕ್ಷನ್ ಅಪಾಯಕಾರಿ. ಅಂದರೆ ಮೊದಲ ಗಂಟೆಗಳಲ್ಲಿ ಮುಖ್ಯವಾದದ್ದು ಹೊತ್ತು. ತಿಂಗಳುಗಟ್ಟಲೆ ನಡೆಯುವ ಆರೈಕೆ, ತಿಕ್ಕುವುದು, ವ್ಯಾಯಾಮ, ಧೈರ್ಯ ಹೇಳುವುದು ಆಮೇಲಿನ ಮಾತು. ದಾದಾ ಅವರಿಗೆ ಆ ಇಂಜೆಕ್ಷನ್ ಸಲ್ಲುತ್ತಿತ್ತೋ ಇಲ್ಲವೋ, ಅದನ್ನು ಇನ್ನು ಯಾರೂ ಹೇಳಲಾರರು. ಆದರೆ ಓದುವ ನಿಮ್ಮ ಮನೆಯಲ್ಲಿ ಆ ರಾತ್ರಿ ಬಂದರೆ, ಚರ್ಚೆಗೆ ಕೂರಬೇಡಿ. 108ಕ್ಕೆ ಕರೆ ಮಾಡಿ.

ಗುಟ್ಟು ಉಳಿಯುವುದು ಹೇಗೆ?

ಲಕ್ವದ ಮದ್ದಿನಲ್ಲಿ ಏನೇನಿದೆ ಎಂದು ಗೌಡರು ಹೇಳಲಿಲ್ಲ. ಹೇಳಿದರೆ ಮದ್ದಿನ ಗುಣ ಹೋಗುತ್ತದೆ ಎಂಬ ನಂಬಿಕೆ ಅವರದು. ಮಗ ಗೋವಾದಲ್ಲಿ ಕೆಲಸಕ್ಕಿದ್ದಾನೆ, ಕಲಿತಿಲ್ಲ. ಅವರ ನಂತರ ಯಾರೂ ಇಲ್ಲ.

ಬೇರೆ ಕಡೆ ಇದನ್ನು ಬೇರೆ ರೀತಿಯಲ್ಲಿ ಉಳಿಸಿದ್ದಾರೆ. ಬ್ಯಾಂಕಾಕಿನ ವಾಟ್ ಫೋ ಮಂದಿರದಲ್ಲಿ ಮೂರನೆಯ ರಾಮ ಎಂಬ ದೊರೆ 1830ರ ದಶಕದಲ್ಲಿ ವೈದ್ಯದ ಜ್ಞಾನವನ್ನು ಕಲ್ಲಿನಲ್ಲಿ ಕೆತ್ತಿಸಿ ಎಲ್ಲರಿಗೂ ಓದಲು ಇಟ್ಟ. ಯುನೆಸ್ಕೋ ಆ ಶಾಸನಗಳನ್ನು ವಿಶ್ವದ ನೆನಪಿನ ಪಟ್ಟಿಗೆ ಸೇರಿಸಿದೆ. ನಮ್ಮ ಕರಾವಳಿಯಲ್ಲೂ ಉದಾಹರಣೆ ಇದೆ. ಡಚ್ಚರ ವಾನ್ ರೀಡ್ 1678ರಿಂದ 1693ರವರೆಗೆ 12 ಸಂಪುಟಗಳಲ್ಲಿ ಹೊರತಂದ ಹೊರ್ಟುಸ್ ಮಲಬಾರಿಕುಸ್ ಗ್ರಂಥಕ್ಕೆ ಮಾಹಿತಿ ಕೊಟ್ಟವರು ಇಟ್ಟಿ ಅಚ್ಯುದನ್ ಎಂಬ ಮಲಯಾಳಿ ವೈದ್ಯರು ಮತ್ತು ರಂಗ ಭಟ್ಟ, ವಿನಾಯಕ ಪಂಡಿತ, ಅಪ್ಪು ಭಟ್ಟ ಎಂಬ ಮೂವರು ಕೊಂಕಣಿ ವೈದ್ಯರು. ಆ ಮೂವರ ಕೊಂಕಣಿ ಪ್ರಮಾಣಪತ್ರ ಇವತ್ತಿಗೂ ಗ್ರಂಥದಲ್ಲಿದೆ.

ಆದರೆ ಬಿಚ್ಚಿ ಹೇಳಿದರೆ ಕಳ್ಳತನದ ಭಯವೂ ಇದೆ. ಗಾಯಕ್ಕೆ ಅರಿಶಿನ ಹಚ್ಚುವುದಕ್ಕೆ 1995ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಕೊಟ್ಟಿದ್ದರು. ನಮ್ಮ ದೇಶದ ಸಿಎಸ್‌ಐಆರ್ ಹಳೆಯ ಗ್ರಂಥಗಳನ್ನು ಮುಂದಿಟ್ಟು ವಾದಿಸಿದ ಮೇಲೆ 1997ರಲ್ಲಿ ಅದು ರದ್ದಾಯಿತು. ಗೆಲ್ಲಿಸಿದ್ದು ಬರೆದಿಟ್ಟ ದಾಖಲೆ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಗ್ರಾಮ ಪಂಚಾಯತಿಯಲ್ಲೂ ಜನತಾ ಜೀವವೈವಿಧ್ಯ ದಾಖಲೆ ಇರಬೇಕು. ಊರಿನ ಗಿಡಮರ, ಅವುಗಳ ಬಳಕೆ, ತಿಳಿದವರ ವಿವರ ಅದರಲ್ಲಿ ಊರಿನ ಹೆಸರಿನಲ್ಲೇ ಉಳಿಯುತ್ತದೆ.

ನಮ್ಮ ತರಗತಿ ಈಗ ಕದ್ವಾಡದ ಗಿಡಗಳ ಪುಸ್ತಕವೊಂದನ್ನು ಶುರು ಮಾಡಿದೆ. ಪ್ರತಿ ಪುಟದಲ್ಲಿ ಒಂದು ಗಿಡ: ಒಣಗಿಸಿದ ಎಲೆ, ಸಸ್ಯಶಾಸ್ತ್ರೀಯ ಹೆಸರು, ಮತ್ತು ಕನ್ನಡ, ಕೊಂಕಣಿ, ದಖ್ಖನಿಯಲ್ಲಿ ಮನೆಯವರು ಕರೆಯುವ ಹೆಸರು. ಹೇಳಿದವರ ಒಪ್ಪಿಗೆ ಇಲ್ಲದೆ ಏನನ್ನೂ ಬರೆಯುವುದಿಲ್ಲ. ಮದ್ದಿನ ಅಳತೆಯನ್ನೂ ಬರೆಯುವುದಿಲ್ಲ, ಅದು ತಿಳಿದವರ ಕೈಯಲ್ಲೇ ಇರಲಿ. ಈವರೆಗೆ 41 ಪುಟ ತುಂಬಿದೆ. ನಿಮ್ಮ ದಾದಿ, ನಾನಿ, ಅಜ್ಜಿಯರಿಗೆ ಗೊತ್ತಿರುವ ಒಂದು ಗಿಡದ ಹೆಸರನ್ನು ಕೇಳಿಕೊಂಡು ಬನ್ನಿ. ಪುಸ್ತಕ ಜೀವಶಾಸ್ತ್ರ ಪ್ರಯೋಗಾಲಯದ ಮೇಜಿನ ಮೇಲೆ ಇದೆ.